ಪಿಕಪ್ ಆಯಿಲ್ ಬೆಳಿಗ್ಗೆ ಜಾಸ್ತಿ, ಸಂಜೆ ಕಮ್ಮಿ: ಯಾವುದನ್ನು ನಂಬುವುದು?

ಪ್ರಶ್ನೆ (ಸೋಮವಾರಪೇಟೆ ಕಡೆಯಿಂದ):
ಗುಂಪಿನಲ್ಲಿರುವ ಮೆಕ್ಯಾನಿಕ್ ಅಣ್ಣನಿಗೆ ನಮಸ್ಕಾರ. ನಮ್ಮದು ಬಿಎಸ್ 4 (ಹೊಗೆ ನಿಯಮದ ಹಿಂದಿನ ಹಂತ) ಡೀಸೆಲ್ ಪಿಕಪ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಕಾಫಿ ಮೂಟೆ, ಗೊಬ್ಬರ, ಸೌದೆ, ಎಲ್ಲಕ್ಕೂ ಅದೇ ಗಾಡಿ. ಬೆಳಿಗ್ಗೆ ಮನೆ ಅಂಗಳದಲ್ಲಿ ಆಯಿಲ್ ಗೇಜ್ (ಎಂಜಿನ್ ಆಯಿಲ್ ಅಳೆಯುವ ಕಡ್ಡಿ) ಎಳೆದು ನೋಡಿದರೆ ಮೇಲಿನ ಗೆರೆಯನ್ನೂ ದಾಟಿರುತ್ತದೆ. ಸಂಜೆ ಪೇಟೆಯಿಂದ ಬಂದು ಶೆಡ್ಡಿನ ಹತ್ತಿರ ನಿಲ್ಲಿಸಿದ ಕೂಡಲೇ ನೋಡಿದರೆ ಕೆಳಗಿನ ಗೆರೆ ಹತ್ತಿರ. ಒಂದು ಗ್ಯಾರೇಜಿನಲ್ಲಿ ಕಮ್ಮಿ ಇದೆ ಅಂತ ಅರ್ಧ ಲೀಟರ್ ಸುರಿದರು. ಆಮೇಲೆ ಇನ್ನೊಂದು ಕಡೆ ತೋರಿಸಿದರೆ ಜಾಸ್ತಿ ಆಗಿದೆ, ಯಾರು ಹಾಕಿದ್ದು ಅಂತ ನನಗೇ ಬೈದರು. ಹೊಗೆ ಇಲ್ಲ, ಕೆಳಗೆ ಸೋರಿದ್ದೂ ಕಾಣುವುದಿಲ್ಲ. ಅಂಗಳದಲ್ಲಿ ಗಾಡಿಯ ಮೂತಿ ಕೆಳಗೆ ಬರುವ ಹಾಗೆ ನಿಲ್ಲುತ್ತದೆ, ಶೆಡ್ಡಿನ ಹತ್ತಿರ ಮೂತಿ ಮೇಲಕ್ಕೆ. ಯಾವ ಲೆಕ್ಕ ನಂಬುವುದು ಅಣ್ಣ?

ಉತ್ತರ (ಮೆಕ್ಯಾನಿಕ್, ಮಡಿಕೇರಿ):
ಎರಡನ್ನೂ ನಂಬಬೇಡಿ. ಮೂತಿ ಕೆಳಗೆ, ಮೂತಿ ಮೇಲೆ ಅಂತ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ಗ್ಯಾರೇಜಿನವರು ಸುರಿದ ಆ ಅರ್ಧ ಲೀಟರ್ ಬಿಟ್ಟರೆ ಆಯಿಲ್ ಎಲ್ಲಿಂದಲೂ ಬಂದಿಲ್ಲ, ಎಲ್ಲಿಗೂ ಹೋಗಿಲ್ಲ, ಎಂಜಿನ್ ತಳದ ಆಯಿಲ್ ಚೇಂಬರಿನೊಳಗೆ ಹಿಂದಕ್ಕೆ ಮುಂದಕ್ಕೆ ವಾಲುತ್ತಿದೆ ಅಷ್ಟೇ. ಮೂತಿ ಕೆಳಗಾದಾಗ ಜಾಸ್ತಿ ತೋರಿಸುತ್ತದೆ ಅಂದರೆ ನಿಮ್ಮ ಗಾಡಿಯಲ್ಲಿ ಗೇಜ್ ಇಳಿಯುವುದು ಚೇಂಬರಿನ ಮುಂಭಾಗಕ್ಕೆ. ಹಿಂಭಾಗಕ್ಕೆ ಇಳಿಯುವ ಎಂಜಿನ್ ಆದರೆ ಇದೇ ಉಲ್ಟಾ ಆಗುತ್ತದೆ.

ಎಷ್ಟು ವ್ಯತ್ಯಾಸ ಬರಬಹುದು ಅಂತ ಲೆಕ್ಕ ಹಾಕಿ ನೋಡಿ. ಚೇಂಬರಿನ ನಡುಭಾಗದಿಂದ ಗೇಜ್ 20 ಸೆಂಟಿಮೀಟರ್ ಮುಂದಿದೆ ಅಂತ ಇಟ್ಟುಕೊಳ್ಳೋಣ. ನೆಲ 5 ಡಿಗ್ರಿ ವಾಲಿದರೆ, ಅಂದರೆ ಮೀಟರಿಗೆ ಒಂಬತ್ತು ಸೆಂಟಿಮೀಟರ್ ಇಳಿತ ಇದ್ದರೆ, ಗೇಜ್ ಇರುವ ಕಡೆ ಆಯಿಲ್ ಸುಮಾರು ಒಂದೂಮುಕ್ಕಾಲು ಸೆಂಟಿಮೀಟರ್ ಏರುತ್ತದೆ. ಎಷ್ಟೋ ಗಾಡಿಗಳಲ್ಲಿ ಎರಡು ಗೆರೆಗಳ ನಡುವಿನ ಜಾಗವೇ ಹೆಚ್ಚುಕಮ್ಮಿ ಅಷ್ಟು. ನಮ್ಮ ಊರಿನ ಅಂಗಳಗಳಲ್ಲಿ 5 ಡಿಗ್ರಿ ವಾಲಿದ್ದರೆ ಅದನ್ನು ನಾವು ಇಳಿಜಾರು ಅಂತ ಕರೆಯುವುದೇ ಇಲ್ಲ, ಸಮ ಇದೆ ಅಂತಲೇ ಹೇಳುತ್ತೇವೆ.

ಹಾಗಾದರೆ ಕೊಡಗಿನಲ್ಲಿ ಸಮ ಜಾಗ ಎಲ್ಲಿ ಹುಡುಕುವುದು? ಪೆಟ್ರೋಲ್ ಬಂಕಿನ ಕಾಂಕ್ರೀಟ್ ನೆಲ ಸಾಮಾನ್ಯವಾಗಿ ಪರವಾಗಿಲ್ಲ. ಕಾಫಿ ಕಣ ಇದ್ದರೆ ಅದೂ ಆಗುತ್ತದೆ, ಮಳೆ ನೀರು ಹರಿಯಲಿ ಅಂತ ಒಂದು ಕಡೆಗೆ ಸ್ವಲ್ಪ ಇಳಿತ ಕೊಟ್ಟಿರುತ್ತಾರೆ, ಅಷ್ಟರಿಂದ ತೊಂದರೆ ಇಲ್ಲ. ಆದರೆ ಕಾಫಿ ಹರಡಿರುವ ಕಾಲದಲ್ಲಿ ಬೇಡ. ಒಂದು ಹನಿ ಆಯಿಲ್ ಬಿದ್ದರೂ ಮನೆಯವರು ಸುಮ್ನೆ ಬಿಡುವುದಿಲ್ಲ.

ಸಮ ಜಾಗ ಸಿಗಲೇ ಇಲ್ಲ ಅಂದರೆ ಇನ್ನೊಂದು ದಾರಿ ಇದೆ. ಇರುವುದರಲ್ಲೇ ಕಡಿಮೆ ಇಳಿಜಾರಿನ ಜಾಗದಲ್ಲಿ ನಿಲ್ಲಿಸಿ, ಲೆವೆಲ್ ನೋಡಿ. ಗಾಡಿ ತಿರುಗಿಸಿ ಅದೇ ಜಾಗದಲ್ಲಿ ಮೂತಿ ಆ ಕಡೆಗೆ ಮಾಡಿ ನಿಲ್ಲಿಸಿ, ಮತ್ತೆ ಅಷ್ಟೇ ಹೊತ್ತು ಕಾದು ನೋಡಿ. ಎರಡರ ನಡುವೆ ಎಲ್ಲಿ ಬರುತ್ತದೋ ಅದೇ ನಿಜವಾದ ಲೆವೆಲ್ ಅಂತ ಇಟ್ಟುಕೊಳ್ಳಬಹುದು. ಇಳಿಜಾರು ಜಾಸ್ತಿ ಇದ್ದರೆ ಇದೂ ಕೆಲಸ ಮಾಡುವುದಿಲ್ಲ, ಯಾಕಂದರೆ ಚೇಂಬರಿನ ತಳ ಒಂದೇ ಆಳ ಇರುವುದಿಲ್ಲ, ಒಂದು ಕಡೆ ಗುಂಡಿ ಮಾಡಿರುತ್ತಾರೆ.

ಸಂಜೆ ಕಮ್ಮಿ ತೋರಿಸುವುದಕ್ಕೆ ಇನ್ನೊಂದು ಕಾರಣ ನಿಲ್ಲಿಸಿದ ಕೂಡಲೇ ನೋಡಿದ್ದು. ಎಂಜಿನ್ ಓಡುವಾಗ ಆಯಿಲ್ ಮೇಲ್ಭಾಗದ ಹೆಡ್ಡಿನಲ್ಲಿ, ಒಳಗಿನ ದಾರಿಗಳಲ್ಲೆಲ್ಲ ತುಂಬಿರುತ್ತದೆ. ಅದು ಇಳಿದು ಚೇಂಬರಿಗೆ ಬರಬೇಕು. ಐದರಿಂದ ಹತ್ತು ನಿಮಿಷ ಕೊಡಿ. ನಾನಂತೂ ಹತ್ತೇ ಅನ್ನುತ್ತೇನೆ, ಎರಡು ನಿಮಿಷ ಉಳಿಸಿ ಯಾರಿಗೆ ಏನು ಸಿಗಬೇಕು?

ಈಗ ಗೇಜ್ ಎಳೆಯುವ ವಿಷಯ. ಮೊದಲ ಸಲ ಎಳೆದಾಗ ಕಾಣುವ ಗುರುತು ಲೆಕ್ಕಕ್ಕೇ ಇಲ್ಲ, ಓಡುವಾಗ ಪೈಪಿನೊಳಗೆ ಸಿಡಿದ ಆಯಿಲ್ ಎಲ್ಲ ಕಡ್ಡಿಗೆ ಮೆತ್ತಿರುತ್ತದೆ. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಬನಿಯನ್ ವೇಸ್ಟ್ ಆದರೆ ನೂಲು ಅಂಟಿಕೊಳ್ಳದ ಹಾಗೆ ನೋಡಿಕೊಳ್ಳಿ, ಆ ನೂಲು ಒಳಗೆ ಹೋದರೆ ಒಳ್ಳೆಯದಲ್ಲ. ಪೂರ್ತಿ ಒಳಗೆ ಹೋಗಿ ಹಿಡಿ ಕೂರುವವರೆಗೆ ಒತ್ತಿ. ಇಲ್ಲಿ ತುಂಬಾ ಜನ ಎಡವುತ್ತಾರೆ: ಕಡ್ಡಿ ಅರ್ಧ ಇಂಚು ಹೊರಗೆ ಉಳಿದರೆ ಅದರ ತುದಿ ಅಷ್ಟು ಮೇಲಿರುತ್ತದೆ, ಆಯಿಲ್ ಕಮ್ಮಿ ಅಂತ ಕಾಣುತ್ತದೆ, ಕಮ್ಮಿ ಅಂತ ಮತ್ತೆ ಸುರಿಯುತ್ತಾರೆ. ಎರಡನೇ ಸಲ ನಿಧಾನವಾಗಿ ಎಳೆದು, ತುದಿ ಕೆಳಗೇ ಇರುವ ಹಾಗೆ ಹಿಡಿದು, ಎರಡೂ ಮುಖ ನೋಡಿ. ಒಂದು ಮುಖದಲ್ಲಿ ಪೈಪಿಗೆ ಉಜ್ಜಿದ ಆಯಿಲ್ ಗೀರು ಮೇಲೆವರೆಗೆ ಹೋಗಿರುತ್ತದೆ. ಅದನ್ನು ಬಿಡಿ. ಯಾವ ಮುಖದಲ್ಲಿ ಕೆಳಗಿದೆಯೋ, ಅಡ್ಡಕ್ಕೆ ಪೂರ್ತಿ ಒದ್ದೆಯಾಗಿದೆಯೋ ಅದು ಲೆಕ್ಕ.

ಖಾಲಿ ಗಾಡಿಯಲ್ಲಿ ನೋಡಿ. ಪಿಕಪ್‌ಗೆ ಹಿಂದೆ ದಪ್ಪ ಪಟ್ಟಾ (ಸ್ಪ್ರಿಂಗ್) ಇರುವುದರಿಂದ ಖಾಲಿ ಇದ್ದಾಗ ಹಿಂಭಾಗ ಎತ್ತಿಕೊಂಡಿರುತ್ತದೆ, ಮೂಟೆ ಹೇರಿದರೆ ಕೂರುತ್ತದೆ. ಒಂದು ದಿನ ಲೋಡಿನಲ್ಲಿ, ಒಂದು ದಿನ ಖಾಲಿಯಲ್ಲಿ ನೋಡಿದರೆ ಮತ್ತೆ ಅದೇ ಗೋಜಲು.

ಸದಸ್ಯರೊಬ್ಬರು (ವಿರಾಜಪೇಟೆ):
ಅಣ್ಣ, ನಮ್ಮ ಮಾವ ಲಾರಿ ಓಡಿಸಿದವರು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ತಣ್ಣಗಿದ್ದಾಗಲೇ ನೋಡಬೇಕು ಅಂತಾರೆ. ನೀವು ಬಿಸಿ ಇದ್ದಾಗ ಅನ್ನುವ ಹಾಗಿದೆ?

ಉತ್ತರ:
ಮಾವ ಹೇಳುವುದು ತಪ್ಪಲ್ಲ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆಯಿಲ್ ಪೂರ್ತಿ ಇಳಿದಿರುತ್ತದೆ, ಪೈಪೂ ಸ್ವಚ್ಛ ಇರುತ್ತದೆ, ಓದುವುದು ಸುಲಭ. ಆದರೆ ಬಿಸಿಯಾದಾಗ ಆಯಿಲ್ ಹಿಗ್ಗುತ್ತದೆ. ಪ್ರತಿ 10 ಡಿಗ್ರಿಗೆ ಸುಮಾರು 0.7 ಶೇಕಡಾ. 6 ಲೀಟರ್ ಹಿಡಿಯುವ ಎಂಜಿನ್ ಅಂತ ಇಟ್ಟುಕೊಂಡರೆ, 20 ಡಿಗ್ರಿ ತಣ್ಣಗಿರುವುದಕ್ಕೂ 90 ಡಿಗ್ರಿ ಬಿಸಿ ಇರುವುದಕ್ಕೂ ಹತ್ತಿರ ಹತ್ತಿರ 300 ಮಿಲಿ ವ್ಯತ್ಯಾಸ. ಬೆಳಿಗ್ಗೆ ತಣ್ಣಗಿದ್ದಾಗ ಸರಿಯಾಗಿ ಮೇಲಿನ ಗೆರೆಗೆ ತುಂಬಿಸಿದರೆ ಬಿಸಿಯಾದಾಗ ಅದು ಗೆರೆ ದಾಟುತ್ತದೆ. ನಿಮ್ಮ ಗಾಡಿಯ ಮ್ಯಾನುವಲ್‌ನಲ್ಲಿ ಬಿಸಿ ಅಂತ ಬರೆದಿದ್ದರೆ ಬಿಸಿ, ತಣ್ಣಗೆ ಅಂತ ಬರೆದಿದ್ದರೆ ತಣ್ಣಗೆ. ಕೆಲವು ಗೇಜ್‌ಗಳಲ್ಲಿ ಎರಡಕ್ಕೂ ಬೇರೆ ಬೇರೆ ಗುರುತು ಇರುತ್ತದೆ. ದಿನಾ ಬೆಳಿಗ್ಗೆ ನೋಡುವ ಮಾವನ ಅಭ್ಯಾಸ ಬಿಡಿಸಬೇಡಿ, ಎರಡು ಗೆರೆಗಳ ನಡುವೆ ಇದ್ದರೆ ಸಾಕು ಅಂತ ಮಾತ್ರ ಹೇಳಿ. ಮೇಲಿನ ಗೆರೆಗೆ ಮುಟ್ಟಿಸಲೇಬೇಕು ಅನ್ನುವುದು ಸುಮ್ನೆ ಹಠ.

ಸದಸ್ಯರೊಬ್ಬರು (ಗೋಣಿಕೊಪ್ಪ):
ನಮ್ಮದು ಬಿಎಸ್ 6, ಡಿಪಿಎಫ್ ಇರುವ ಗಾಡಿ. ಆಯಿಲ್ ಕಮ್ಮಿ ಆಗುವುದು ಬಿಡಿ, ನೋಡಿದಾಗೆಲ್ಲ ಜಾಸ್ತಿ ಆಗುತ್ತಿದೆ! ನೆಲ ಸಮ ಇದೆ, ಒಂದೇ ಜಾಗದಲ್ಲಿ ನೋಡುತ್ತಿದ್ದೇನೆ. ಯಾರೂ ಆಯಿಲ್ ಹಾಕಿಲ್ಲ.

ಉತ್ತರ:
ಇದು ಇಳಿಜಾರಿನ ಆಟ ಅಲ್ಲ, ಇದಕ್ಕೆ ಗಮನ ಕೊಡಬೇಕು. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲೆ ಈ ದೂರು ಶುರುವಾಗಿದ್ದು. ಡಿಪಿಎಫ್ ಅಂದರೆ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಜಾಲರಿ. ಮಸಿ ತುಂಬಿದಾಗ ಎಂಜಿನ್ ತಾನೇ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು, ಬಿಸಿ ಏರಿಸಿ, ಅದನ್ನು ಸುಟ್ಟು ಹಾಕುತ್ತದೆ. ತುಂಬಾ ಎಂಜಿನ್‌ಗಳಲ್ಲಿ ಆ ಡೀಸೆಲನ್ನು ಸಿಲಿಂಡರಿನೊಳಗೇ ತಡವಾಗಿ ಚಿಮ್ಮಿಸುತ್ತಾರೆ. ಅದರಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆ ಹಿಡಿದು ಪಿಸ್ಟನ್ ರಿಂಗ್ ದಾಟಿ ಚೇಂಬರಿಗೆ ಇಳಿಯುತ್ತದೆ. ಹೆದ್ದಾರಿಯಲ್ಲಿ ಒಂದೇ ಓಟದಲ್ಲಿ ಹೋಗುವ ಗಾಡಿಯಲ್ಲಿ ಸುಡುವ ಕೆಲಸ ಮುಗಿಯುತ್ತದೆ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಸೆಕೆಂಡ್ ಗೇರಿನಲ್ಲಿ ಹೋಗಿ ಬಂದು ನಡುವೆ ಆಫ್ ಮಾಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಶುರು, ಮತ್ತೆ ಡೀಸೆಲ್.

ಗೇಜ್ ಎಳೆದು ಮೂಸಿ ನೋಡಿ, ಡೀಸೆಲ್ ವಾಸನೆ ಬರುತ್ತದಾ ಅಂತ. ಬೆರಳಿಗೆ ಹಚ್ಚಿ ಉಜ್ಜಿ, ಆಯಿಲ್‌ನ ಜಿಡ್ಡು ಇಲ್ಲದೆ ನೀರು ನೀರಾಗಿ ಇದೆಯಾ ಅಂತ. ಮೇಲಿನ ಗೆರೆ ದಾಟಿದ್ದರೆ ಆಯಿಲ್ ಬದಲಿಸಲೇಬೇಕು, ಜಾಸ್ತಿ ಆದಷ್ಟು ತೆಗೆದರೆ ಆಗುವುದಿಲ್ಲ. ಉಳಿದಿದ್ದೂ ಡೀಸೆಲ್ ಬೆರೆತದ್ದೇ ಅಲ್ವಾ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಇನ್ನು ಲೆವೆಲ್ ತೀರಾ ಏರಿದರೆ ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಆಯಿಲ್ ಗಾಳಿಯ ದಾರಿಗೆ ಹೋಗಿ, ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಸುಟ್ಟುಕೊಂಡು ಓಡಲು ಶುರು ಮಾಡುವ ಅಪಾಯ ಇದೆ. ಆಗ ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಡಿಪಿಎಫ್ ಲೈಟ್ ಹತ್ತಿದಾಗ ಮಡಿಕೇರಿ–ಕುಶಾಲನಗರದಂಥ ರಸ್ತೆಯಲ್ಲಿ ನಿಲ್ಲಿಸದೆ ಒಂದು ಸಲ ಹೋಗಿ ಬನ್ನಿ, ಲೈಟ್ ಹೋಗುವವರೆಗೆ ಆಫ್ ಮಾಡಬೇಡಿ. ಆಮೇಲೂ ಏರುತ್ತಿದ್ದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಚೆಕ್ ಮಾಡಿಸಬೇಕು. ಆಯಿಲ್ ಹಾಕುವಾಗ ಡಿಪಿಎಫ್‌ಗೆ ಒಗ್ಗುವ ಗ್ರೇಡೇ ಆಗಬೇಕು, ಮ್ಯಾನುವಲ್ ನೋಡಿ.

ಸದಸ್ಯರೊಬ್ಬರು (ಭಾಗಮಂಡಲ):
ಮಳೆಗಾಲದಲ್ಲಿ ಆಯಿಲ್ ಕ್ಯಾಪ್ ಬಿಚ್ಚಿದರೆ ಒಳಗೆ ಬೆಣ್ಣೆ ಥರ ಬಿಳಿ ಕಟ್ಟಿರುತ್ತದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಕೆಳಗಿನ ಪದರ) ಹೋಗಿದೆ, ಎಂಜಿನ್ ಬಿಚ್ಚಬೇಕು ಅಂತ ಒಬ್ಬರು ಹೆದರಿಸಿದ್ದಾರೆ. ನಿಜವಾ?

ಉತ್ತರ:
ಬಿಚ್ಚುವುದಕ್ಕೆ ಮುಂಚೆ ಗೇಜ್ ನೋಡಿ ಅಕ್ಕ. ಕ್ಯಾಪಿನಲ್ಲಿ ಮಾತ್ರ ಬಿಳಿ, ಗೇಜ್‌ನಲ್ಲಿ ಆಯಿಲ್ ಕಪ್ಪಗೆ ಸರಿಯಾಗಿದೆ, ರೇಡಿಯೇಟರ್ ನೀರೂ ಕಮ್ಮಿ ಆಗುತ್ತಿಲ್ಲ ಅಂದರೆ ಅದು ಹವೆಯ ತೇವ. ನಿಮ್ಮ ಕಡೆಯ ಮಳೆಗೆ, ಆ ಚಳಿಗೆ, ಎಂಜಿನ್ ಪೂರ್ತಿ ಬಿಸಿಯಾಗುವ ಮುಂಚೆಯೇ ಆಫ್ ಮಾಡುವ ಗಾಡಿಗಳಲ್ಲಿ ಇದು ಆಗುವಂಥದ್ದೇ. ಒರೆಸಿ ಹಾಕಿ, ವಾರಕ್ಕೊಮ್ಮೆಯಾದರೂ ದೂರ ಓಡಿಸಿ. ಗೇಜ್‌ನಲ್ಲೇ ಹಾಲು ಹಾಕಿದ ಕಾಫಿ ಬಣ್ಣ ಕಂಡರೆ, ಜೊತೆಗೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ, ಆ ನೀರು ಆಯಿಲ್‌ಗೆ ಸೇರುತ್ತಿದೆ ಅಂತ ಅರ್ಥ, ಆಗ ಸ್ಟಾರ್ಟ್ ಕೂಡ ಮಾಡಬೇಡಿ.

ಸದಸ್ಯರೊಬ್ಬರು (ಪೆರುಂಬಾಡಿ):
ಮಾಕುಟ್ಟ ಘಾಟಿಯ ತಿರುವುಗಳಲ್ಲಿ ಕೆಂಪು ಆಯಿಲ್ ಲೈಟ್ ಮಿಣುಕ್ ಅಂತ ಬಂದು ಹೋಗುತ್ತದೆ. ಮೇಲೆ ಬಂದು ನೋಡಿದರೆ ಕೆಳಗಿನ ಗೆರೆಯಲ್ಲಿದೆ. ಲೈಟ್ ಬರುವವರೆಗೆ ಓಡಿಸಬಹುದಲ್ವಾ?

ಉತ್ತರ:
ಅಯ್ಯೋ, ಬೇಡ! ಆ ಲೈಟ್ ಲೆವೆಲ್ ತೋರಿಸುವುದಲ್ಲ, ಪ್ರೆಶರ್ ತೋರಿಸುವುದು. ಆಯಿಲ್ ಕಮ್ಮಿ ಇದ್ದಾಗ ತಿರುವಿನಲ್ಲಿ, ಏರಿನಲ್ಲಿ ಅದು ಒಂದು ಪಕ್ಕಕ್ಕೆ ಸರಿದು ಪಂಪು ಗಾಳಿ ಎಳೆಯುತ್ತದೆ. ಆ ಕ್ಷಣ ಬೇರಿಂಗ್‌ಗಳಿಗೆ ಆಯಿಲ್ ಇಲ್ಲ. ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ನೋಡಿ, 200 ಮಿಲಿಯಷ್ಟೇ ಹಾಕಿ ಮತ್ತೆ ನೋಡಿ. ತುಂಬಾ ಎಂಜಿನ್‌ಗಳಲ್ಲಿ ಕೆಳಗಿನ ಗೆರೆಯಿಂದ ಮೇಲಿನದಕ್ಕೆ ಹೆಚ್ಚುಕಮ್ಮಿ ಒಂದು ಲೀಟರ್. ಲೆವೆಲ್ ಸರಿ ಇದ್ದೂ ಲೈಟ್ ಬಂದರೆ ಓಡಿಸಲೇಬೇಡಿ, ಎಳೆದುಕೊಂಡು ಬನ್ನಿ.

ಮೊದಲು ಕೇಳಿದವರು (ಸೋಮವಾರಪೇಟೆ):
ಅಣ್ಣ, ನೀವು ಹೇಳಿದ ಹಾಗೆ ಕಣದಲ್ಲಿ ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ಎರಡೂ ಸಲ ಹೆಚ್ಚುಕಮ್ಮಿ ಒಂದೇ, ಮೇಲಿನ ಗೆರೆಗಿಂತ ಒಂದು ಬೆರಳಿನ ಅಗಲ ಮೇಲೆ. ಅಂದರೆ ನಿಜವಾಗಿಯೂ ಜಾಸ್ತಿ ಇದೆ. ಹಾಗೇ ಬಿಟ್ಟರೆ ಸುಟ್ಟು ತಾನೇ ಇಳಿಯುವುದಿಲ್ಲವಾ? ಇನ್ನೊಂದು, ಈ ಗೇಜ್ ನಮ್ಮ ಗಾಡಿದೇ ಹೌದಾ ಅಂತ ಈಗ ಅನುಮಾನ. ಹಿಡಿಯ ಬಣ್ಣ ಬೇರೆ ಇದೆ.

ಉತ್ತರ:
ಬಿಡಬೇಡಿ. ಅಷ್ಟು ಜಾಸ್ತಿ ಇದ್ದರೆ ಒಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಆಯಿಲ್‌ಗೆ ಬಡಿದು ನೊರೆ ಎಬ್ಬಿಸಬಹುದು, ನೊರೆ ಆಯಿಲ್‌ನಿಂದ ಪ್ರೆಶರ್ ಬರುವುದಿಲ್ಲ. ಸೀಲ್‌ಗಳಿಂದಲೂ ಸೋರಲು ಶುರುವಾಗುತ್ತದೆ. ತೆಗೆಯುವುದು ಸುಲಭ: ದನಕ್ಕೆ ಔಷಧಿ ಹಾಕುವ ದೊಡ್ಡ ಸಿರಿಂಜ್‌ಗೆ ತೆಳು ಪೈಪ್ ಸಿಕ್ಕಿಸಿ, ಗೇಜ್ ಪೈಪಿನೊಳಗೆ ಇಳಿಸಿ ಎಳೆಯಿರಿ. ಆಯಿಲ್ ಉಗುರು ಬೆಚ್ಚಗಿರಲಿ, ತೀರಾ ಬಿಸಿ ಬೇಡ. ಎಳೆದದ್ದನ್ನು ಅಳೆದು ಡಬ್ಬಿಯಲ್ಲಿಡಿ, ತೋಡಿಗೆ ಚೆಲ್ಲಬೇಡಿ.

ಗೇಜ್ ಅನುಮಾನ ಸರಿಯಾಗಿಯೇ ಬಂದಿದೆ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಕಳೆದುಹೋದ ಗೇಜ್ ಬದಲು ಕೈಗೆ ಸಿಕ್ಕಿದ್ದನ್ನು ಹಾಕಿರುತ್ತಾರೆ. ಪಾರ್ಟ್ ನಂಬರ್ ಕೊಟ್ಟು ಸರಿಯಾದದ್ದು ತರಿಸುವುದೇ ಒಳ್ಳೆಯದು. ಸಿಗುವವರೆಗೆ ಹೀಗೆ ಮಾಡಿ: ಮುಂದಿನ ಸರ್ವೀಸಿನಲ್ಲಿ ಬಿಸಿ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಫಿಲ್ಟರ್ ಸೇರಿ ಎಷ್ಟು ಲೀಟರ್ ಅಂತ ಮ್ಯಾನುವಲ್‌ನಲ್ಲಿದೆಯೋ ಅಷ್ಟನ್ನೇ ಅಳತೆ ಡಬ್ಬಿಯಲ್ಲಿ ಅಳೆದು ಹಾಕಿಸಿ. ಒಂದು ನಿಮಿಷ ಎಂಜಿನ್ ಓಡಿಸಿ, ಫಿಲ್ಟರ್ ತುಂಬಿಕೊಳ್ಳಲಿ. ಹತ್ತು ನಿಮಿಷ ಬಿಟ್ಟು ಕಣದಲ್ಲೇ ಗೇಜ್ ನೋಡಿ. ಆಯಿಲ್ ಎಲ್ಲಿ ನಿಂತಿದೆಯೋ ಅಲ್ಲಿ ಅರದಿಂದ ಸಣ್ಣ ಗೀರು ಹಾಕಿ, ಅದೇ ನಿಮ್ಮ ಮೇಲಿನ ಗೆರೆ. ಹೊಸ ಆಯಿಲ್ ನೀರಿನ ಹಾಗೆ ತಿಳಿಯಾಗಿ ಇರುವುದರಿಂದ ಗುರುತು ಕಾಣುವುದು ಕಷ್ಟ, ಗೇಜ್ ತುದಿಯನ್ನು ಬಿಳಿ ಟಿಶ್ಯೂ ಮೇಲೆ ಮಲಗಿಸಿದರೆ ಒದ್ದೆ ಎಲ್ಲಿಯವರೆಗೆ ಅಂತ ಗೊತ್ತಾಗುತ್ತದೆ. ಗೀರು ಹಾಕಿದ ಮೇಲೆ ಲೋಹದ ಪುಡಿ ಒರೆಸಿಯೇ ಒಳಗೆ ಹಾಕಿ. ಆಯಿಲ್ ಇಳಿಸುವಾಗ ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಲು ಹೇಳಿ, ಹಳೆಯದನ್ನೇ ಹಾಕಿದರೆ ಸೋರುತ್ತದೆ, ಆಮೇಲೆ ಲೆವೆಲ್ ಇಳಿಯುತ್ತಿದೆ ಅಂತ ನೀವು ಮತ್ತೆ ಇಲ್ಲಿಗೇ ಬರುತ್ತೀರಿ.