ಸ್ಪಿಟ್‌ಫೈರ್ ಮಾರ್ಕ್ 1 ಕಿಟ್‌ನಿಂದ ಪ್ರೊಟೊಟೈಪ್ ಕೆ5054: ಮುಚ್ಚಿದ ಗೆರೆ ಮತ್ತೆ ಮೂಡುತ್ತಿದೆ, ಸಹಾಯ ಬೇಕು

ಕರಾವಳಿ ಕಿಟ್:

ಎಲ್ಲರಿಗೂ ನಮಸ್ಕಾರ. 1/72 ಸ್ಕೇಲಿನ ಸ್ಪಿಟ್‌ಫೈರ್ ಮಾರ್ಕ್ 1 ಪ್ಲಾಸ್ಟಿಕ್ ಮಾದರಿ ಕಿಟ್ ಒಂದನ್ನು ಕೆ5054 ಮಾಡಲು ಹೊರಟಿದ್ದೇನೆ. ಕೆ5054 ಅಂದರೆ ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನದ ಪ್ರೊಟೊಟೈಪ್, ಪರೀಕ್ಷೆಗೆಂದು ಮೊದಲು ಕಟ್ಟಿದ್ದು; ಮಾರ್ಕ್ 1 ಆಮೇಲೆ ವಾಯುಪಡೆಗೆ ತಯಾರಾದ ಮೊದಲ ಆವೃತ್ತಿ. 1936ರ ಮಾರ್ಚ್ 5ರಂದು ಇಂಗ್ಲೆಂಡಿನ ಈಸ್ಟ್‌ಲೀಯಲ್ಲಿ ಪರೀಕ್ಷಾ ಪೈಲಟ್ ಮಟ್ ಸಮ್ಮರ್ಸ್ ಮೊದಲ ಸಲ ಹಾರಿಸಿದ ಆ ಒಂದೇ ಒಂದು ವಿಮಾನ. ಅಪ್ಪನ ಹಳೇ ಪತ್ರಿಕೆಯೊಂದರಲ್ಲಿ ಅದರ ಫೋಟೋ ನೋಡಿದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ. ಅಂದಿನಿಂದ ಮಾಡಬೇಕು ಅಂತ ಮನಸ್ಸಿನಲ್ಲಿತ್ತು.

ಇಲ್ಲಿಯವರೆಗೆ ರೆಕ್ಕೆಯ ಮುಂದಿನ ಅಂಚಿನ ಎಂಟು ಗನ್ ತೂತು ಮುಚ್ಚಿದೆ. ಅಡಿಯಲ್ಲಿ ಖಾಲಿ ತೋಟಾ ಬೀಳುವ ಕಿಂಡಿಗಳನ್ನೂ ಮುಚ್ಚಿದೆ. ಐಸ್‌ಕ್ರೀಮ್ ಕಡ್ಡಿಯಲ್ಲಿ ಎರಡು ಬ್ಲೇಡಿನ ಪ್ರೊಪೆಲ್ಲರ್ ಕೆತ್ತಿದೆ. ಪ್ರೊಟೊಟೈಪ್‌ನ ಮೈ ನುಣುಪಾಗಿತ್ತು ಅಂತ ಓದಿ, ರೆಕ್ಕೆ ಮತ್ತು ಮೈಮೇಲಿನ ಪ್ಯಾನೆಲ್ ಗೆರೆಗಳನ್ನೆಲ್ಲ (ಲೋಹದ ಹಾಳೆಗಳ ಸಂದು ತೋರಿಸೋಕೆ ಕಿಟ್‌ನಲ್ಲಿ ಕೊರೆದಿರುವ ಗೆರೆಗಳು) ಪುಟ್ಟಿ ಹಾಕಿ ಉಜ್ಜಿದೆ. ಕೈಗೆ ಏನೂ ಸಿಗದಷ್ಟು ಚೆನ್ನಾಗಿ ಬಂದಿತ್ತು.

ಪ್ರೈಮರ್ ಹೊಡೆದು ನಾಲ್ಕು ದಿನಕ್ಕೆ ಗೆರೆಗಳು ಒಂದೊಂದಾಗಿ ಮತ್ತೆ ಮೂಡಿವೆ. ಆಳ ಇಲ್ಲ, ಆದರೆ ಬೆಳಕಿಗೆ ಓರೆಯಾಗಿ ಹಿಡಿದರೆ ಎಲ್ಲ ಕಾಣುತ್ತೆ. ಮತ್ತೆ ಪುಟ್ಟಿ ಹಾಕಿದೆ, ಮತ್ತೆ ಬಂತು. ಟೆಸ್ಟ್‌ಗೆ ಒಂದು ರೆಕ್ಕೆಗೆ ತಿಳಿನೀಲಿ ಗ್ಲಾಸ್ (ಹೊಳಪಿನ) ಲ್ಯಾಕರ್ ಬಣ್ಣ ಹೊಡೆದರೆ ಅದು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಮಂಗಳೂರು, ಜುಲೈ. ಮಳೆ ನಿಂತೇ ಇಲ್ಲ. ಕಾಕ್‌ಪಿಟ್ ಗಾಜೂ ಸಮಸ್ಯೆ. ಕಿಟ್‌ನಲ್ಲಿರೋದು ಉಬ್ಬಿದ ಗಾಜು, ಬೇಕಾಗಿರೋದು ಚಪ್ಪಟೆಯದ್ದು.

ಈಗಿನ ಸ್ಥಿತಿಯ ಮೂರು ಫೋಟೋ ಹಾಕಿದ್ದೇನೆ. ಚಕ್ರದ ಬಾಗಿಲು ಹಾಕಿಲ್ಲ, ಮೊದಲ ಹಾರಾಟದಲ್ಲಿ ಇರಲಿಲ್ಲವಂತೆ.

ಬಾಲ್ಸಾ ಮೇಷ್ಟ್ರು:

ಬಹಳ ಒಳ್ಳೇ ಕೆಲಸಕ್ಕೆ ಕೈ ಹಾಕಿದ್ದೀರಿ. ಬೆಳ್ಳಗಾಗೋದಕ್ಕೆ ಮಾತ್ರ ಉತ್ತರ ಹೇಳ್ತೀನಿ, ಉಳಿದದ್ದನ್ನು ಗೊತ್ತಿರೋರು ಹೇಳಲಿ. ಲ್ಯಾಕರ್‌ನ ತಿನ್ನರ್ ಬೇಗ ಆರುತ್ತೆ. ಆರುವಾಗ ಮೇಲ್ಮೈ ತಣ್ಣಗಾಗುತ್ತೆ. ಗಾಳಿಯಲ್ಲಿರೋ ತೇವ ಅಲ್ಲಿ ಕೂತುಬಿಡುತ್ತೆ. ಅದೇ ಆ ಬಿಳಿ. ಉಜ್ಜಿ ತೆಗೆಯಬೇಡಿ. ಮಳೆ ಬಿಟ್ಟ ದಿನ, ಇಲ್ಲವೇ ಎಸಿ ಅರ್ಧ ಗಂಟೆ ಓಡಿದ ಕೋಣೆಯಲ್ಲಿ, ನಿಧಾನವಾಗಿ ಆರುವ ಲೆವೆಲಿಂಗ್ ತಿನ್ನರನ್ನು ಹಾಗೇ ತೆಳ್ಳಗೆ ಒಂದು ಪದರ ಹೊಡೆಯಿರಿ. ಬಣ್ಣ ಮತ್ತೆ ಕರಗಿ, ತೇವ ಹೊರಗೆ ಹೋಗಿ, ಹೊಳಪು ಬರುತ್ತೆ. ಕಂಪ್ರೆಸರ್‌ಗೆ ನೀರು ಹಿಡಿಯೋ ಫಿಲ್ಟರ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಕರಾವಳಿಯಲ್ಲಿ ಅದಿಲ್ಲದೆ ಗ್ಲಾಸ್ ಹೊಡೆಯೋಕೆ ಆಗಲ್ಲ.

ಹಳೇ ರೆಕ್ಕೆ:

ಮೇಷ್ಟ್ರು ಹೇಳಿದ್ದು ಸರಿ. ನಾನು ಇದೇ ವಿಮಾನವನ್ನು ಎರಡು ಸಲ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಸಮಾಧಾನವಾಗಿ ಓದಿ.

ಗೆರೆಗಿಂತ ಮೊದಲು ಒಂದು ದೊಡ್ಡ ವಿಷಯ ಇದೆ. ನಿಮ್ಮ ಎರಡನೇ ಫೋಟೋದಲ್ಲಿ ತಿಳಿನೀಲಿ ಬಣ್ಣ ಇದೆ, ಚಕ್ರದ ಬಾಗಿಲಿಲ್ಲ, ಎಂಜಿನ್ ಪಕ್ಕದಲ್ಲಿ ಕಿಟ್‌ನವೇ ಆದ ಮೀನಿನ ಬಾಲದಂಥ ಎಕ್ಸಾಸ್ಟ್ ಹಾಗೇ ಉಳಿದಿವೆ. ಇವು ಮೂರೂ ಒಂದೇ ದಿನ ಆ ವಿಮಾನದ ಮೇಲೆ ಇರಲೇ ಇಲ್ಲ. ಮಾರ್ಚ್ 5ರಂದು ಹಾರಿದಾಗ ಅದಕ್ಕೆ ಬಣ್ಣವೇ ಹಚ್ಚಿರಲಿಲ್ಲ, ಬರಿ ಲೋಹ ಮತ್ತು ಪ್ರೈಮರ್. ಚಕ್ರ ಇಳಿಸಿಕೊಂಡೇ ಹಾರಿತು, ಬಾಗಿಲು ಆಮೇಲೆ ಬಂತು. ತಿಳಿ ನೀಲಿ-ಬೂದು ಗ್ಲಾಸ್ ಬಂದದ್ದು ಮೊದಲ ಕೆಲವು ಹಾರಾಟ ಮುಗಿದ ಮೇಲೆ. ಮೀನಿನ ಬಾಲದ ಎಕ್ಸಾಸ್ಟ್ ಬಂದದ್ದು 1937ರಲ್ಲಿ. ಆ ವರ್ಷವೇ ಅದಕ್ಕೆ ಹಸಿರು-ಕಂದು ಮರೆಬಣ್ಣವೂ ಬಂತು. 1939ರ ಸೆಪ್ಟೆಂಬರ್ 4ರಂದು ಫಾರ್ನ್‌ಬರೋದಲ್ಲಿ ಅಪಘಾತಕ್ಕೀಡಾಗುವವರೆಗೆ ಅದರ ಮೇಲೆ ಪ್ರಯೋಗ ನಡೀತಾನೇ ಇತ್ತು.

ಆದ್ದರಿಂದ ಕೆ5054 ಮಾಡ್ತೀನಿ ಅಂದರೆ ಸಾಲದು, ಯಾವ ತಿಂಗಳಿನ ಕೆ5054 ಅಂತ ಹೇಳಬೇಕು. ಒಂದು ಫೋಟೋ ಆರಿಸಿಕೊಳ್ಳಿ. ಆ ಫೋಟೋದಲ್ಲಿ ಇರೋದನ್ನೆಲ್ಲ ಮಾಡಿ, ಇಲ್ಲದ್ದನ್ನು ಮುಟ್ಟಬೇಡಿ. ನಿಮಗೆ ನೀಲಿ ಇಷ್ಟ ಅಂತ ಕಾಣುತ್ತೆ. ಹಾಗಾದರೆ 1936ರ ಮೇ ತಿಂಗಳು ಆರಿಸಿ. ಮೊದಮೊದಲು ಅದರ ವೇಗ ಗಂಟೆಗೆ 330 ಮೈಲಿ ಮಾತ್ರ ಇತ್ತು, ಆ ಕಾಲದ ಇನ್ನೊಂದು ಬ್ರಿಟಿಷ್ ಯುದ್ಧವಿಮಾನ ಹರಿಕೇನ್‌ಗಿಂತ ಸ್ವಲ್ಪವೇ ಜಾಸ್ತಿ. ಮೇ ಮಧ್ಯದಲ್ಲಿ ಹೊಸ ಆಕಾರದ ಮರದ ಪ್ರೊಪೆಲ್ಲರ್ ಹಾಕಿದ ಮೇಲೆ 348 ಮುಟ್ಟಿತು. ಅದೇ ತಿಂಗಳು ವಾಯುಪಡೆಯ ಪರೀಕ್ಷೆಗೆ ಮಾರ್ಟಲ್‌ಶಮ್ ಹೀತ್‌ಗೆ ಹೋಯಿತು. ನನ್ನ ಮಟ್ಟಿಗೆ ಅದು ಅತ್ಯಂತ ಚೆಂದ ಕಂಡದ್ದು ಆಗಲೇ.

ಹಾಗೆ ಮಾಡಿದರೆ ಚಕ್ರದ ಬಾಗಿಲು ಬೇಕು. ಕಿಟ್ ಬಾಗಿಲಿನ ಕೆಳಗೆ ಇನ್ನೊಂದು ಪುಟ್ಟ ಮಡಚುವ ಫಲಕ ಸೇರಿಸಿ. ಪ್ರೊಟೊಟೈಪ್‌ನಲ್ಲಿ ಚಕ್ರದ ಕೆಳಭಾಗವನ್ನು ಮುಚ್ಚೋಕೆ ಅದಿತ್ತು, ಮುಂದಿನ ಸ್ಪಿಟ್‌ಫೈರ್‌ಗಳಲ್ಲಿ ಬಿಟ್ಟರು. ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿದರೆ ಹತ್ತು ನಿಮಿಷದ ಕೆಲಸ. ಎಕ್ಸಾಸ್ಟ್ ತೆಗೆದುಬಿಡಿ. ಆ ಜಾಗಕ್ಕೆ ಪ್ಲಾಸ್ಟಿಕ್ ತುಂಡು ಕೂರಿಸಿ, ಕೌಲಿಂಗ್ (ಎಂಜಿನ್ ಹೊದಿಕೆ) ಮಟ್ಟಕ್ಕೆ ಉಜ್ಜಿ, ಹೊರಗೆ ಚಾಚದ ಕಿಂಡಿಗಳನ್ನು ಫೋಟೋ ನೋಡಿ ಕೊರೆಯಿರಿ. ಹಿಂದಿನ ಚಕ್ರವೂ ಹೋಗಬೇಕು. ಅಲ್ಲಿ ಇದ್ದದ್ದು ಜಾರುಗಾಲು. ಪೇಪರ್ ಕ್ಲಿಪ್ ತಂತಿ ಬಗ್ಗಿಸಿ, ತುದಿಗೆ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಅಂಟಿಸಿದರೆ ಸಾಕು.

ಇನ್ನು ಗೆರೆ. ನೀವು ಉಜ್ಜಿದ್ದರಲ್ಲಿ ತಪ್ಪಿಲ್ಲ, ಪುಟ್ಟಿಯ ಗುಣವೇ ಹಾಗೆ. ಟ್ಯೂಬಿನ ಪುಟ್ಟಿಯಲ್ಲಿ ತಿನ್ನರ್ ಇರುತ್ತೆ. ಅದು ಆರ್ತಾ ಆರ್ತಾ ಪುಟ್ಟಿ ಕುಗ್ಗುತ್ತೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ವಾರಗಟ್ಟಲೆ ಕುಗ್ತಾ ಇರುತ್ತೆ. ಅದರ ಮೇಲೆ ಲ್ಯಾಕರ್ ಪ್ರೈಮರ್ ಹೊಡೆದರೆ ಪುಟ್ಟಿ ಮತ್ತೆ ಮೆತ್ತಗಾಗಿ ಮತ್ತೆ ಕುಗ್ಗುತ್ತೆ. ನೂರು ಸಲ ಪುಟ್ಟಿ ಹಾಕಿದರೂ ನೂರು ಸಲ ಬರುತ್ತೆ.

ಹಾಗಾಗಿ ಪುಟ್ಟಿ ಕೈಬಿಡಿ. ಸೂಜಿ ತುದಿಯಿಂದ ಗೆರೆಯೊಳಗಿನ ಹಳೇ ಪುಟ್ಟಿಯನ್ನು ಕೆರೆದು ತೆಗೆಯಿರಿ. ಸೂಪರ್ ಗ್ಲೂ ಎರಡು ಹನಿ, ಅದಕ್ಕೆ ಬೇಬಿ ಪೌಡರ್ ಒಂದು ಚಿಟಿಕೆ, ಗಾಜಿನ ಚೂರಿನ ಮೇಲೆ ಕಲಸಿ. ದೋಸೆ ಹಿಟ್ಟಿನ ಹದ ಬರಬೇಕು. ಹಲ್ಲುಕಡ್ಡಿಯಲ್ಲಿ ಗೆರೆಗೆ ಎಳೆಯಿರಿ, ಸ್ವಲ್ಪ ಉಬ್ಬಿರಲಿ. ಒಂದು ಗಂಟೆಯೊಳಗೆ ಉಜ್ಜಿಬಿಡಬೇಕು. ರಾತ್ರಿ ಬಿಟ್ಟರೆ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗುತ್ತೆ, ಆಮೇಲೆ ಉಜ್ಜಿದರೆ ಅಕ್ಕಪಕ್ಕದ ಪ್ಲಾಸ್ಟಿಕ್ ತಗ್ಗಾಗಿ ಗೆರೆ ದಿಬ್ಬವಾಗಿ ನಿಲ್ಲುತ್ತೆ. ವಾಟರ್ ಪೇಪರ್ 400, 800, 1200, ಹಿಂದೆ ಒಂದು ರಬ್ಬರ್ ತುಂಡು ಇಟ್ಟು. ಬರಿ ಬೆರಳಲ್ಲಿ ಉಜ್ಜಬೇಡಿ, ಬೆರಳು ತಗ್ಗು ಮಾಡುತ್ತೆ. ಆಮೇಲೆ ತೆಳ್ಳಗೆ ಕಪ್ಪು ಗ್ಲಾಸ್ ಒಂದು ಪದರ. ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ರೆಕ್ಕೆ ಮೇಲೆ ಓಡಿಸಿ ನೋಡಿ. ಪ್ರತಿಬಿಂಬ ಎಲ್ಲಾದರೂ ಮುರಿದರೆ ಅಲ್ಲಿ ಇನ್ನೂ ಕೆಲಸ ಇದೆ.

ಎಲ್ಲ ಗೆರೆಯನ್ನೂ ಮುಚ್ಚಬೇಡಿ, ದಯವಿಟ್ಟು. ಎಂಜಿನ್ ಕೌಲಿಂಗ್ ಬಿಚ್ಚುವ ಗೆರೆಗಳು ಇರಲೇಬೇಕು. ಫ್ಲಾಪ್, ಎಲಿವೇಟರ್, ರಡ್ಡರ್ ಹೀಗೆ ರೆಕ್ಕೆ-ಬಾಲದ ಅಲುಗಾಡುವ ಭಾಗಗಳ ಸುತ್ತಲ ಸಂದುಗಳೂ ಅಷ್ಟೇ. ಏಲೆರಾನ್ (ರೆಕ್ಕೆ ತುದಿಯ ಹಿಂದಿನ ಅಲುಗಾಡುವ ಫಲಕ) ಆಗ ಬಟ್ಟೆ ಹೊದಿಸಿದ್ದು, ಅದರ ಪಕ್ಕೆಲುಬಿನ ಉಬ್ಬು ಉಜ್ಜಿ ಹೋಗದಂತೆ ಟೇಪ್ ಹಚ್ಚಿಕೊಳ್ಳಿ.

ನುಣುಪಿನ ಬಗ್ಗೆ ಒಂದು ಮಾತು, ನನಗೆ ಬಹಳ ಇಷ್ಟವಾದದ್ದು. ಲೋಹದ ಹಾಳೆಗಳನ್ನು ಜೋಡಿಸುವ ಮೊಳೆಗಳ, ಅಂದರೆ ರಿವೆಟ್‌ಗಳ, ತಲೆಗಳನ್ನೆಲ್ಲ ಮಟ್ಟಸ ಮಾಡೋದು ದುಬಾರಿ ಕೆಲಸ. ಎಲ್ಲಿ ನಿಜವಾಗಿ ಬೇಕು ಅಂತ ತಿಳಿಯೋಕೆ ವಿಮಾನ ಕಟ್ಟಿದ ಸೂಪರ್‌ಮರೀನ್ ಕಂಪನಿಯವರು ಒಣ ಬಟಾಣಿ ಬೇಳೆ ತಂದು, ಒಂದೊಂದು ರಿವೆಟ್ ಮೇಲೂ ಒಂದೊಂದು ಬೇಳೆ ಅಂಟಿಸಿ ಹಾರಿಸಿದರು. ಗುಂಡು ತಲೆಯ ರಿವೆಟ್ ಇದ್ದ ಹಾಗಾಯಿತು. ವೇಗ ಗಂಟೆಗೆ 22 ಮೈಲಿಯಷ್ಟು ಕಡಿಮೆಯಾಯಿತು. ಆಮೇಲೆ ಸಾಲುಸಾಲಾಗಿ ಬೇಳೆ ಕಿತ್ತು, ಮತ್ತೆ ಹಾರಿಸಿ, ಯಾವ ಸಾಲು ಎಷ್ಟು ಎಳೆಯುತ್ತೆ ಅಂತ ನೋಡಿದರು. ನಮ್ಮ ಅಡುಗೆಮನೆ ಡಬ್ಬಿಯಲ್ಲಿರೋ ಅದೇ ಬೇಳೆ! ನೀವು ಈಗ ಒಂದೊಂದು ಗೆರೆಗೆ ಕೊಡ್ತಿರೋ ಗಮನವೂ ಅಂಥದ್ದೇ ಅಲ್ವಾ?

ಕರಾವಳಿ ಕಿಟ್:

ಸರ್, ಓದಿ ಮೈ ಜುಂ ಅಂತು. ಬಟಾಣಿ ವಿಷಯ ಮನೆಯವರಿಗೆಲ್ಲ ಹೇಳಿದೆ. ಮೇ 1936 ಅಂತ ತೀರ್ಮಾನ ಮಾಡಿದೆ. ಗಾಜಿಗೆ ಏನು ಮಾಡಲಿ? ಪ್ರೊಪೆಲ್ಲರ್ ಫೋಟೋನೂ ಹಾಕಿದ್ದೇನೆ, ಏನೋ ಸರಿ ಕಾಣ್ತಿಲ್ಲ.

ಹಳೇ ರೆಕ್ಕೆ:

ಪ್ರೊಪೆಲ್ಲರ್ ತಿರುವು ಉಲ್ಟಾ ಆಗಿದೆ, ಅದಕ್ಕೇ ಹಾಗೆ ಕಾಣೋದು. ಈ ವಿಮಾನದ ಮರ್ಲಿನ್ ಎಂಜಿನ್, ಪೈಲಟ್ ಕೂತ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತೆ. ನಾವು ಮೂಗಿನ ಎದುರು ನಿಂತರೆ ಉಲ್ಟಾ. ಒಂದು ಬ್ಲೇಡನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ ಎದುರಿನಿಂದ ನೋಡಿ. ನಿಮ್ಮ ಎಡಗೈ ಕಡೆಯ ಅಂಚು ನಿಮ್ಮತ್ತ ಬಂದಿರಬೇಕು, ಬಲಗಡೆಯದ್ದು ಹಿಂದೆ ಹೋಗಿರಬೇಕು. ಇನ್ನೊಂದು ಮಾಡುವಾಗ ಮರ ಬೇಡ. ಐಸ್‌ಕ್ರೀಮ್ ಕಡ್ಡಿಯ ಎಳೆ 1/72ಕ್ಕೆ ಹಗ್ಗದಷ್ಟು ದಪ್ಪ ಕಾಣುತ್ತೆ. ಪ್ಲಾಸ್ಟಿಕ್ ಹಾಳೆ ಎರಡು ಪದರ ಅಂಟಿಸಿ ಕೆತ್ತಿ.

ಕೆ5054ರ ನಕ್ಷೆ ಪ್ರಿಂಟ್ ತೆಗೆದು ಅಳತೆ ಇಟ್ಟುಕೊಳ್ಳಿ. ಪ್ರಿಂಟ್ ಸರಿ ಇದೆಯಾ ಅಂತ ನೋಡೋಕೆ ಮಾಮೂಲಿ ಮಾರ್ಕ್ 1 ನಕ್ಷೆಯನ್ನು ಅದೇ ಸೆಟ್ಟಿಂಗ್‌ನಲ್ಲಿ ಒಮ್ಮೆ ತೆಗೆಯಿರಿ. ಅದರ ರೆಕ್ಕೆ ತುದಿಯಿಂದ ತುದಿಗೆ 36 ಅಡಿ 10 ಇಂಚು, 1/72ರಲ್ಲಿ 156 ಮಿಲಿಮೀಟರ್ ಬರಬೇಕು.

ಗಾಜನ್ನು ಎರಡಾಗಿ ಯೋಚಿಸಿ. ಮುಂದಿನ ಗಾಜಿನ ಮೇಲೆ ಕಿಟ್‌ನಲ್ಲಿ ಗುಂಡು ತಡೆಯುವ ದಪ್ಪ ಫಲಕ ಉಬ್ಬಿಕೊಂಡಿರುತ್ತೆ. ಪ್ರೊಟೊಟೈಪ್‌ಗೆ ಅದಿಲ್ಲ, ನಯವಾಗಿ ಬಾಗಿದ ಗಾಜು. ಫಲಕವನ್ನು 800ರಿಂದ ಶುರು ಮಾಡಿ ಉಜ್ಜಿ, 2000ಕ್ಕೆ ಬಂದು, ಬಿಳಿ ಟೂತ್‌ಪೇಸ್ಟ್ ಹತ್ತಿಬಟ್ಟೆಯಲ್ಲಿ ತಿಕ್ಕಿ. ಹೊಳಪು ವಾಪಸ್ ಬರುತ್ತೆ.

ಮೇಲಿನ ಉಬ್ಬಿದ ಗಾಜನ್ನು ಉಜ್ಜಿ ಚಪ್ಪಟೆ ಮಾಡೋಕೆ ಹೋಗಬೇಡಿ, ಒಡೆಯುತ್ತೆ. ಮರದ ತುಂಡಲ್ಲಿ ಚಪ್ಪಟೆ ನೆತ್ತಿಯ ಆಕಾರ ಕೆತ್ತಿ, ಕಡ್ಡಿಗೆ ಸಿಕ್ಕಿಸಿ ನಿಲ್ಲಿಸಿ. ನೀರಿನ ಬಾಟಲಿಯ ನಯವಾದ ಭಾಗ ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ದೂರದಿಂದ ಬಿಸಿ ಮಾಡಿ. ಅದು ಸಡಿಲವಾಗಿ ಜೋತು ಬಿದ್ದ ತಕ್ಷಣ ಅಚ್ಚಿನ ಮೇಲೆ ಒಂದೇ ಸಲಕ್ಕೆ ಒತ್ತಿ. ನನಗೆ ಆರನೇ ಸಲಕ್ಕೆ ಚೆನ್ನಾಗಿ ಬಂತು. ಅಂಟಿಸೋಕೆ ಸೂಪರ್ ಗ್ಲೂ ಬೇಡವೇ ಬೇಡ, ಅದರ ಆವಿಗೆ ಗಾಜು ಮಂಜಾಗುತ್ತೆ. ಬಿಳಿ ಫೆವಿಕಾಲ್ ಸಾಕು.

ಬಾಲ್ಸಾ ಮೇಷ್ಟ್ರು:

ಬಣ್ಣದ ಬಗ್ಗೆ ಒಂದು ಸಾಲು. ಕಪ್ಪು-ಬಿಳುಪು ಫೋಟೋ ನೋಡಿ ನೀಲಿ ಎಷ್ಟು, ಬೂದು ಎಷ್ಟು ಅಂತ ಅಳೆಯೋಕೆ ಆಗಲ್ಲ. ಟ್ಯಾಂಗ್‌ಮೀರ್ ಮ್ಯೂಸಿಯಂನಲ್ಲಿರೋ ಪೂರ್ಣ ಗಾತ್ರದ ಪ್ರತಿಕೃತಿಯ ಫೋಟೋ ನೋಡಿ ಒಂದು ಅಂದಾಜಿಗೆ ಬನ್ನಿ, ಆಮೇಲೆ ಅದಕ್ಕಿಂತ ಸ್ವಲ್ಪ ತಿಳಿ ಮಾಡಿ. ಇಷ್ಟು ಚಿಕ್ಕ ಮಾದರಿಯಲ್ಲಿ ಅದೇ ಬಣ್ಣ ಗಾಢವಾಗಿ ಕಾಣುತ್ತೆ.

ಕರಾವಳಿ ಕಿಟ್:

ಮೂರು ವಾರ ಆಯಿತು, ವರದಿ ಕೊಡ್ತಿದ್ದೇನೆ. ಸೂಪರ್ ಗ್ಲೂ-ಪೌಡರ್ ಹಾಕಿ ಹದಿನಾರು ದಿನ. ಪ್ರೈಮರ್ ಮೇಲೆ ಒಂದು ಗೆರೆಯೂ ಮೂಡಿಲ್ಲ. ಟ್ಯೂಬ್‌ಲೈಟಿನ ಪ್ರತಿಬಿಂಬ ಎಡ ರೆಕ್ಕೆಯ ಬುಡದಲ್ಲಿ ಮಾತ್ರ ಮುರೀತಿತ್ತು, ಅದನ್ನೂ ಸರಿ ಮಾಡಿದೆ. ಬೆಳ್ಳಗಾಗಿದ್ದ ರೆಕ್ಕೆಗೆ ತಿನ್ನರ್ ಹೊಡೆದ ಕೂಡಲೇ ಕಣ್ಣೆದುರೇ ನೀಲಿ ವಾಪಸ್ ಬಂತು. ಜಾರುಗಾಲು, ಬಾಗಿಲಿನ ಪುಟ್ಟ ಫಲಕ ಎರಡೂ ಕೂತಿವೆ. ಪ್ರೊಪೆಲ್ಲರ್ ಈಗ ಸರಿ ದಿಕ್ಕಿಗಿದೆ.

ಗಾಜು ನಾಲ್ಕು ಸಲ ಒತ್ತಿದೆ, ಹಿಂದಿನ ಮೂಲೆಯಲ್ಲಿ ಪ್ರತಿ ಸಲ ಸುಕ್ಕು ಬರ್ತಿದೆ. ಅಚ್ಚನ್ನು ಕೆಳಗೆ ಇನ್ನೂ ಉದ್ದ ಮಾಡಬೇಕಾ?

ಹಳೇ ರೆಕ್ಕೆ:

ಹೌದು. ಗಾಜಿನ ಅಂಚು ಮುಗಿಯುವ ಜಾಗದಿಂದ ಕೆಳಗೆ ಇನ್ನೊಂದು ಹತ್ತು ಮಿಲಿಮೀಟರ್ ಅಚ್ಚು ಇರಲಿ. ಸುಕ್ಕು ಆ ಭಾಗಕ್ಕೆ ಇಳಿಯುತ್ತೆ, ಅಲ್ಲಿಂದ ಕತ್ತರಿಸಿ ಬಿಸಾಡಬಹುದು. ಅಚ್ಚಿನ ಹಿಂದಿನ ಮೂಲೆಯ ಚೂಪನ್ನೂ ಸ್ವಲ್ಪ ಮುರಿಯಿರಿ. ಐದನೇದರ ಫೋಟೋ ಹಾಕಿ, ನೋಡೋಣ.