ತೋಟದ ಹುಡುಗನ ತಾಯಿಗೆ ಅಸ್ಸಾಂನಲ್ಲಿ ನೋಟಿಸ್ ಬಂದಿದೆ, ಏನು ಮಾಡಲಿ?

ತೀರ್ಥಹಳ್ಳಿಯ ಅಡಿಕೆ ಬೆಳೆಗಾರರ ಪ್ರಶ್ನೆ: ನಮ್ಮಲ್ಲಿ ಕೆಲಸಕ್ಕಿರುವ ಹುಡುಗ ಅಸ್ಸಾಂನ ಬಾರ್ಪೇಟಾದವನು. ಅವನ ತಾಯಿಗೆ ಫಾರಿನರ್ಸ್ ಟ್ರಿಬ್ಯೂನಲ್‌ನಿಂದ (ಯಾರು ವಿದೇಶಿ ಅಂತ ತೀರ್ಮಾನಿಸುವ ನ್ಯಾಯಮಂಡಳಿ) ನೋಟಿಸ್ ಬಂದಿದೆ. ಆಧಾರ್, ವೋಟರ್ ಕಾರ್ಡ್ ಇವೆ. ಸಾಕಾಗುತ್ತಾ? ಕೊಯ್ಲು ಮುಗಿಸಿ ಹೋದರೆ ನಡೆಯುತ್ತಾ?

ಕೊಪ್ಪದಿಂದ: ಸಾಕಾಗುವುದಿಲ್ಲ. ಕೊಯ್ಲಿಗೆ ಕಾಯಲೂಬೇಡಿ, ಇವತ್ತೇ ಕಳಿಸಿ. ನಮ್ಮ ಕಾಫಿ ತೋಟದ ಕೂಲಿ ಲೈನ್‌ಮನೆಯಲ್ಲಿದ್ದ ಹೆಂಗಸಿಗೂ ಹೀಗೇ ಆಗಿತ್ತು. ಇಲ್ಲಿ ವಿದೇಶಿ ಅಂತ ಸಾಬೀತು ಮಾಡುವ ಹೊಣೆ ಸರ್ಕಾರದ್ದಲ್ಲ. ತಾನು ವಿದೇಶಿ ಅಲ್ಲ ಅಂತ ನೋಟಿಸ್ ಬಂದವರೇ ತೋರಿಸಬೇಕು. ಹಾಜರಾಗದಿದ್ದರೆ ಅವರ ಮಾತು ಕೇಳದೆಯೇ ಎಕ್ಸ್‌ಪಾರ್ಟಿ ಆದೇಶ ಆಗಿಬಿಡುತ್ತದೆ. ಆಮೇಲೆ ಹೈಕೋರ್ಟಿಗೆ ಅಲೆಯುವುದು ಬಡವರ ಕೈಲಿ ಆಗುವ ಮಾತಲ್ಲ.

1971ರ ಮಾರ್ಚ್ 25ಕ್ಕೆ ಮೊದಲು ಹುಡುಗನ ತಾಯಿಯ ಅಪ್ಪನೋ ಅಜ್ಜನೋ ಅಸ್ಸಾಂನಲ್ಲಿದ್ದರು ಅನ್ನುವುದಕ್ಕೆ ದಾಖಲೆ ಬೇಕು. 1951ರ ಎನ್‌ಆರ್‌ಸಿ (ರಾಷ್ಟ್ರೀಯ ಪೌರರ ನೋಂದಣಿ ಪಟ್ಟಿ), 1966 ಇಲ್ಲವೇ 1970ರ ಮತದಾರರ ಪಟ್ಟಿ, ಹಳೇ ಜಮೀನು ಪತ್ರ, ಏನಿದ್ದರೂ ಹುಡುಕಿಸಿ. ತಾನು ಅವರ ಮಗಳೇ ಅನ್ನುವುದಕ್ಕೆ ಬೇರೆ ದಾಖಲೆ ಬೇಕು. ಹೆಂಗಸರು ಸೋಲುವುದು ಇಲ್ಲೇ. ಚಿಕ್ಕ ವಯಸ್ಸಿಗೆ ಮದುವೆ, ಶಾಲೆ ಕಂಡಿಲ್ಲ, ಜನನ ಪತ್ರ ಇಲ್ಲ, ಇರುವ ಕಾಗದದಲ್ಲೆಲ್ಲ ಗಂಡನ ಹೆಸರು. ತವರಿನ ಪಂಚಾಯಿತಿ ಕಾರ್ಯದರ್ಶಿ ಕೊಡುವ ಪತ್ರವನ್ನು ಈ ಕೊಂಡಿಗೆ ಬಳಸಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಪತ್ರ ಕೊಟ್ಟವರೇ ಬಂದು ಸಾಕ್ಷಿ ಹೇಳಬೇಕು. ನಮ್ಮವಳ ಕೇಸು ಎಳೆದಾಡಿದ್ದು ಅದಕ್ಕೇ. ಅಣ್ಣತಮ್ಮಂದಿರಿದ್ದರೆ ಅವರನ್ನೂ ಕರೆಸಿ. ಜೆರಾಕ್ಸ್ ನಂಬಿ ಕೂರಬೇಡಿ, ದೃಢೀಕೃತ ನಕಲು ತೆಗೆಸಿ.

ಸಾಗರದಿಂದ: ಹಳೇ ಪಟ್ಟಿಯಲ್ಲಿ ಹೆಸರಿನ ಒಂದಕ್ಷರ, ವಯಸ್ಸು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಹೆದರಬೇಡಿ. ನಲ್ಬಾರಿಯ ರಹೀಂ ಅಲಿ ಅನ್ನುವವರನ್ನು ಟ್ರಿಬ್ಯೂನಲ್ 2012ರಲ್ಲಿ ವಿದೇಶಿ ಅಂದಿತ್ತು. ಸಣ್ಣ ಅಕ್ಷರ ವ್ಯತ್ಯಾಸಕ್ಕೆ ಪೌರತ್ವವನ್ನೇ ಅನುಮಾನಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಅವರನ್ನು ಭಾರತೀಯ ಅಂದಿತು. ಅಷ್ಟರಲ್ಲಿ ಅವರು ತೀರಿಹೋಗಿದ್ದರು. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಯಾವ ಆಧಾರದ ಮೇಲೆ ಅನುಮಾನ ಅಂತ ಸರ್ಕಾರ ತಿಳಿಸಲೇಬೇಕು ಅಂತಲೂ ಆ ತೀರ್ಪಿನಲ್ಲಿದೆ. ವಕೀಲರಿಗೆ ನೆನಪಿಸಿ.

ಹೊಸನಗರದಿಂದ: ದುಡ್ಡಿಲ್ಲ ಅಂತ ಸುಮ್ನೆ ಕೂರುವುದು ಬೇಡ. ಹೆಂಗಸರಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಬೆಂಗಳೂರಿನಿಂದ ಗುವಾಹಟಿಗೆ ರೈಲಲ್ಲೇ ಎರಡು ದಿನಕ್ಕಿಂತ ಜಾಸ್ತಿ ಬೇಕು, ವಾಯಿದೆ ದಿನ ನೋಡಿಕೊಂಡು ಹೊರಡಲಿ. ಹುಡುಗನಿಗೆ ಬಾಕಿ ಕೂಲಿ ಪೂರ್ತಿ ಕೊಡಿ, ಜೊತೆಗೆ ಮುಂಗಡವನ್ನೂ ಕೊಡಿ. ಅಡಿಕೆ ಕೊಯ್ಯಲು ಬೇರೆ ಕೊನೆಗಾರ ಸಿಗುತ್ತಾನೆ.