ಕೋಡ್ ಅಳತೆಯಲ್ಲಿ ‘ಸಂಕೀರ್ಣತೆ’ ಸರಿಯಾದ ಪದವೇ?

ಎಲ್ಲರಿಗೂ ನಮಸ್ಕಾರ.

ಮೊದಲು ಟೆಸ್ಟ್ (ಕೋಡ್ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವ ಕೋಡ್) ಬರೆದು ಆಮೇಲೆ ಮುಖ್ಯ ಕೋಡ್ ಬರೆಯುವುದು ಒಳ್ಳೆಯದೋ, ಕೋಡ್ ಮುಗಿಸಿ ಟೆಸ್ಟ್ ಮಾಡುವುದು ಒಳ್ಳೆಯದೋ? ಇದರ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಸುಮ್ನೆ ಅಭಿಪ್ರಾಯ ಹೇಳದೆ ಅಂಕಿ ಇಟ್ಟುಕೊಂಡು ಹೋಲಿಸಬೇಕು ಅಂತ ಆಸೆ. ಆ ಅಂಕಿಗಳಿಗೆ ಒಪ್ಪುವ ಕನ್ನಡ ಪದ ಹುಡುಕುತ್ತಿದ್ದೇನೆ.

ಮುಖ್ಯವಾಗಿ ‘ಸೈಕ್ಲೊಮ್ಯಾಟಿಕ್ ಕಾಂಪ್ಲೆಕ್ಸಿಟಿ’. ಥಾಮಸ್ ಮೆಕೇಬ್ 1976ರಲ್ಲಿ ಕೊಟ್ಟ ಅಳತೆ ಇದು. ಒಂದು ಕೆಲಸ ಮಾಡಿಕೊಡುವ ಕೋಡಿನ ತುಣುಕಿಗೆ ಫಂಕ್ಷನ್ ಅನ್ನುತ್ತಾರೆ. ಫಂಕ್ಷನ್‌ನಲ್ಲಿ ಎಷ್ಟು ಕಡೆ ದಾರಿ ಕವಲೊಡೆಯುತ್ತದೆ ಎಂದು ಎಣಿಸಿ ಒಂದು ಕೂಡಿಸಿದರೆ ಆಯಿತು. ಬಸ್ ಟಿಕೆಟ್ ದರ ಹೇಳುವ ಫಂಕ್ಷನ್ ಇದೆ ಅನ್ನಿ. ಮಗುವಾದರೆ ಅರ್ಧ ದರ ಎಂದು ಒಂದು ಇಫ್. ರಾತ್ರಿ ಬಸ್ಸಾದರೆ ಹತ್ತು ರೂಪಾಯಿ ಜಾಸ್ತಿ ಎಂದು ಅದರ ಕೆಳಗೆ ಇನ್ನೊಂದು ಇಫ್. ಉತ್ತರ 3. ಕವಲೇ ಇಲ್ಲದ ಇನ್ನೂರು ಸಾಲಿನ ಫಂಕ್ಷನ್ನಿಗೆ ಉತ್ತರ 1!

ಇದನ್ನು ‘ಸಂಕೀರ್ಣತೆ’ ಎಂದರೆ, ಅರ್ಥವಾಗಲು ಎಷ್ಟು ಕಷ್ಟ ಎಂದು ಹೇಳುವ ಅಂಕಿ ಅಂದುಕೊಳ್ಳುತ್ತಾರೆ. ಆ ಇನ್ನೂರು ಸಾಲು ಓದಲು ತಲೆನೋವಾಗಿರಬಹುದು, ಅಂಕಿ ಮಾತ್ರ 1. ‘ಹಾದಿಯೆಣಿಕೆ’ ಎನ್ನೋಣ ಎಂದರೆ ಅದೂ ಪೂರ್ತಿ ಕೂಡುವುದಿಲ್ಲ. ಟಿಕೆಟ್ ಫಂಕ್ಷನ್ನಿನಲ್ಲಿ ಸಾಗಬಹುದಾದ ಹಾದಿಗಳು ನಾಲ್ಕು. ಅಳತೆ ಲೆಕ್ಕಕ್ಕೆ ತಗೊಳ್ಳುವುದು ಒಂದಕ್ಕೊಂದು ಸ್ವತಂತ್ರವಾದ ಮೂರನ್ನು ಮಾತ್ರ. ನನಗೆ ಹಿಡಿಸಿರುವುದು ‘ಕವಲೆಣಿಕೆ’. ಕೂಡಿಸುವ ಆ ಒಂದನ್ನು ವಿವರಣೆಯಲ್ಲಿ ಹೇಳಿದರಾಯಿತು, ಅಲ್ವಾ?

‘ಡಿಫೆಕ್ಟ್ ಡೆನ್ಸಿಟಿ’ಗೆ ‘ದೋಷ ಸಾಂದ್ರತೆ’ ಬೇಡ, ‘ಸಾವಿರ ಸಾಲಿಗೆ ಇಷ್ಟು ದೋಷ’ ಎಂದೇ ಬರೆಯುತ್ತೇನೆ.

ಕೊನೆಯದು ‘ಮೆಟ್ರಿಕ್’, ಅಂದರೆ ಕೋಡನ್ನೋ ಕೆಲಸವನ್ನೋ ಹೋಲಿಸಲು ಬಳಸುವ ಇಂಥ ಅಂಕಿಗಳಿಗೆಲ್ಲ ಇರುವ ಒಟ್ಟು ಹೆಸರು. ಇದಕ್ಕೆ ಪದ ಹುಡುಕುವುದು ಯಾಕೆ ಕಷ್ಟ ಅನ್ನುವುದಕ್ಕೆ ಒಂದು ಉದಾಹರಣೆ. ಮೈಕ್ರೋಸಾಫ್ಟಿನ ಮೂರು ಮತ್ತು ಐಬಿಎಂನ ಒಂದು ತಂಡದ ಬಗ್ಗೆ 2008ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಟೆಸ್ಟ್ ಮೊದಲು ಬರೆದ ಈ ತಂಡಗಳಲ್ಲಿ, ಅಂಥದ್ದೇ ಬೇರೆ ಪ್ರಾಜೆಕ್ಟುಗಳಿಗಿಂತ ಬಿಡುಗಡೆಗೆ ಮುಂಚಿನ ದೋಷ ಶೇಕಡಾ 40ರಿಂದ 90ರಷ್ಟು ಕಡಿಮೆ. ಮೊದಲ ಹಂತದ ಕೆಲಸಕ್ಕೆ ಹಿಡಿದ ಸಮಯ ಶೇಕಡಾ 15ರಿಂದ 35 ಜಾಸ್ತಿ. ಮೊದಲನೆಯದು ಎಣಿಸಿ ತೆಗೆದದ್ದು. ಎರಡನೆಯದು ಮ್ಯಾನೇಜ್‌ಮೆಂಟಿನವರು ಕೊಟ್ಟ ಅಂದಾಜು. ಎರಡನ್ನೂ ‘ಅಳತೆ’ ಎಂದುಬಿಟ್ಟರೆ ಓದುಗರಿಗೆ ಮೋಸ ಮಾಡಿದಂತೆ. ‘ಮಾನದಂಡ’ ಎಂದರೆ ಪಾಸಾಗಬೇಕಾದ ಗೆರೆ ಎಂಬ ಅರ್ಥ ಬರುತ್ತದೆ. ‘ಮಾಪಕ’ ಎಂದರೆ ಅಳೆಯುವ ಉಪಕರಣ ಕಣ್ಣಿಗೆ ಬರುತ್ತದೆ.

ಎಣಿಸಿದ್ದು, ಅಂದಾಜಿಸಿದ್ದು ಎರಡಕ್ಕೂ ಹೊಂದುವ ಪದ ಬಳಕೆಯಲ್ಲಿದೆಯೇ? ‘ಸೂಚಕ’ ನಡೆದೀತೇ? ಟೆಸ್ಟಿಂಗ್ ಕೆಲಸದಲ್ಲಿರುವವರು ತಂಡದ ಮಾತುಕತೆಯಲ್ಲಿ ಏನನ್ನುತ್ತೀರಿ ಎಂದು ತಿಳಿಸಿ.